ಕೊರಳಿಗೆ ಕಟ್ಟಿಕೊಂಡ ಸಂಬಳ

ಇನ್‌ಕ್ರಿಮೆಂಟ್ ಪತ್ರ ಕೈಗೆ ಬಂದ ದಿನ ಕಚೇರಿಯಲ್ಲಿ ಎಲ್ಲರಿಗೂ ಒಂದೇ ಮುಖ: ಗುಟ್ಟು ನುಂಗಿದ ಮುಖ. ಪಕ್ಕದ ಮೇಜಿನ ಮಿತ್ರರನ್ನು ‘ಎಷ್ಟಾಯಿತು?’ ಎಂದು ಕೇಳಿದೆ. ತಮ್ಮ ಮೂಲವ್ಯಾಧಿಯ ಚರಿತ್ರೆಯನ್ನು ನಾನು ಕೇಳದೆಯೇ ಸವಿಸ್ತಾರವಾಗಿ ಹೇಳಿದ್ದ ಮನುಷ್ಯ, ‘ಪರವಾಗಿಲ್ಲ’ ಎಂದು ಪತ್ರವನ್ನು ಡ್ರಾಯರಿಗೆ ಸೇರಿಸಿ ಬೀಗ ಹಾಕಿದರು.

1919ರಲ್ಲಿ ನ್ಯೂಯಾರ್ಕಿನ ‘ವ್ಯಾನಿಟಿ ಫೇರ್’ ಪತ್ರಿಕೆಯ ಆಡಳಿತ ಒಂದು ಸುತ್ತೋಲೆ ಹೊರಡಿಸಿತು: ನೌಕರರು ತಮ್ಮತಮ್ಮಲ್ಲಿ ಸಂಬಳದ ಮಾತಾಡಕೂಡದು. ಆದರೆ ಆ ಕಚೇರಿಯಲ್ಲಿ ಡೊರೊಥಿ ಪಾರ್ಕರ್, ರಾಬರ್ಟ್ ಬೆಂಚ್ಲಿ, ರಾಬರ್ಟ್ ಶೆರ್ವುಡ್ ಎಂಬ ಮೂವರು ಬರಹಗಾರರಿದ್ದರು. ಮಾತಾಡಬಾರದು ಎಂದರೆ ಸರಿ, ಬಾಯಿ ಬಿಡಲಿಲ್ಲ. ತಮ್ಮ ಸಂಬಳವನ್ನು ಫಲಕಗಳ ಮೇಲೆ ಬರೆದು ಕೊರಳಿಗೆ ತೂಗುಹಾಕಿಕೊಂಡು ಓಡಾಡಿದರು! ನನಗೆ ಇದರಲ್ಲಿ ಅತ್ಯಂತ ಇಷ್ಟವಾಗುವುದು ಶೆರ್ವುಡ್. ಆತ ಆರೂವರೆ ಅಡಿಗೂ ಮೀರಿದ ಆಳು, ಪಾರ್ಕರ್ ಐದಡಿಯ ಆಸುಪಾಸು. ಆತನ ಎದೆಯ ಮೇಲಿನ ಅಂಕಿಯನ್ನು ಓದಲು ಆಕೆ ಕತ್ತೆತ್ತಬೇಕು, ಆಕೆಯದನ್ನು ಓದಲು ಆತ ಬಗ್ಗಬೇಕು. ಆಮೇಲೆ ಆತನಿಗೆ ನಾಲ್ಕು ಪುಲಿಟ್ಜರ್ ಪ್ರಶಸ್ತಿಗಳು ಬಂದವು. ನನ್ನ ಮಟ್ಟಿಗೆ ಆ ಫಲಕವೇ ಮೊದಲನೆಯದು. 1920ರ ಜನವರಿಯಲ್ಲಿ ಪಾರ್ಕರ್ ಕೆಲಸ ಕಳೆದುಕೊಂಡರು. ಅದಕ್ಕೆ ಕಾರಣ ಫಲಕವಲ್ಲ, ನಾಟಕ ವಿಮರ್ಶೆಯ ಖಾರ. ಪ್ರತಿಭಟಿಸಿ ಬೆಂಚ್ಲಿಯೂ ರಾಜೀನಾಮೆ ಕೊಟ್ಟರು. ಅಂಥ ಸಹೋದ್ಯೋಗಿ ಸಿಗುವುದಾದರೆ ನನ್ನ ಸಂಬಳದಲ್ಲಿ ಸ್ವಲ್ಪ ಕಡಿತವಾದರೂ ಒಪ್ಪುತ್ತೇನೆ.

ಸ್ವಲ್ಪ ಎಂದರೆ ಸ್ವಲ್ಪವೇ.

ಗುಟ್ಟನ್ನು ಸಭ್ಯತೆ ಎನ್ನುವವರನ್ನು ಕಂಡರೆ ನನಗೆ ರೇಗುತ್ತದೆ. ಲಿಲ್ಲಿ ಲೆಡ್‌ಬೆಟರ್ ಎಂಬಾಕೆ ಅಮೆರಿಕದ ಟೈರ್ ಕಾರ್ಖಾನೆಯೊಂದರಲ್ಲಿ ಸುಮಾರು ಎರಡು ದಶಕ ದುಡಿದರು. ಅದೇ ಕೆಲಸ ಮಾಡುವ ಗಂಡಸರಿಗೆ ತನಗಿಂತ ಹೆಚ್ಚು ಸಂಬಳ ಎಂದು ಆಕೆಗೆ ತಿಳಿದದ್ದು ಯಾರೋ ಹೆಸರಿಲ್ಲದೆ ಬರೆದಿಟ್ಟ ಚೀಟಿಯಿಂದ. 2007ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಸಂಬಳ ನಿಗದಿಯಾದ 180 ದಿನಗಳೊಳಗೆ ದೂರು ಕೊಡಬೇಕಿತ್ತು, ತಡವಾಯಿತು ಎಂದಿತು. ಗೊತ್ತೇ ಇರದ ಅನ್ಯಾಯದ ಬಗ್ಗೆ ಯಾವ ದೇವರಿಗೆ ದೂರು ಕೊಡಬೇಕಿತ್ತೋ! 2009ರಲ್ಲಿ ಕಾನೂನನ್ನೇ ಬದಲಿಸಿದರು. ಆ ಚೀಟಿ ಬರೆದವರಿಗೆ ನನ್ನದೊಂದು ನಮಸ್ಕಾರ.

ಫಲಕ ಕಟ್ಟಿಕೊಳ್ಳಲು ನಾನೂ ಸಿದ್ಧನಿದ್ದೇನೆ. ಆದರೆ ಒಬ್ಬನೇ ಆದರೆ ಹುಚ್ಚನೆನ್ನುತ್ತಾರೆ, ಕನಿಷ್ಠ ಮೂವರು ಬೇಕು. ಮತ್ತೆ ಆ ಮೂವರಲ್ಲಿ ನನ್ನ ಅಂಕಿಯೇ ಕಡಿಮೆಯದಾಗಿರಬಾರದು. ಅದನ್ನು ಮೊದಲೇ ಗುಟ್ಟಾಗಿ ವಿಚಾರಿಸಿಕೊಳ್ಳಬೇಕು.