ಅರಕೆರೆಗೆ ಹೋಗುವ ರಸ್ತೆ

“ರಸ್ತೆ ಸ್ವಲ್ಪ ಅಗಲ ಜಾಸ್ತಿ ಆಯ್ತಲ್ಲ ಗುರು?”

ಆಡಲು ಬಂದ ಗೆಳೆಯ ಚಪ್ಪಲಿ ಬಿಡುತ್ತಲೇ ಮೇಜು ನೋಡಿ ಹೇಳಿದ ಮಾತು ಇದು. ಮೇಜಿನ ಮೇಲೆ ಬೊಂಬೆ ಸಿಪಾಯಿಗಳನ್ನಿಟ್ಟು ಹಳೆಯ ಯುದ್ಧಗಳನ್ನು ಆಡುವುದು ನಮ್ಮ ಹುಚ್ಚು. ಈ ಸಲ ಶ್ರೀರಂಗಪಟ್ಟಣದ ಬಳಿಯ ಅರಕೆರೆ ಕಾದಾಟ. ಆಮೇಲೆ ಜೇಬಿನಿಂದ ಸ್ಕೇಲ್ ಬೇರೆ ತೆಗೆದ. ಭಾನುವಾರವೂ ಜೇಬಿನಲ್ಲಿ ಸ್ಕೇಲ್ ಇಟ್ಟುಕೊಂಡು ತಿರುಗುವವರ ಸ್ನೇಹ ಮಾಡಬಾರದು.

ಅವನ ಲೆಕ್ಕ ಸರಿಯಾಗಿಯೇ ಇದೆ. ಸಿಟ್ಟು ಬರುವುದೇ ಅದಕ್ಕೆ. ನಮ್ಮ ಮೇಜಿನಲ್ಲಿ ಒಂದು ಮಿಲಿಮೀಟರಿಗೆ ನೆಲದ ಒಂದು ಮೀಟರ್. ರಸ್ತೆ 8 ಸೆಂಟಿಮೀಟರ್ ಇದ್ದರೆ 80 ಮೀಟರ್ ಅಗಲವಾಯಿತು. ಆದರೆ ಅದೇ ಲೆಕ್ಕದಲ್ಲಿ ನಮ್ಮ 28 ಮಿಲಿಮೀಟರ್ ಸಿಪಾಯಿ ಒಂಬತ್ತು ಮಹಡಿ ಎತ್ತರ ಇರುತ್ತಾನೆ. ಅವನಿಗೆ ಯಾರೂ ಸ್ಕೇಲ್ ಹಿಡಿಯುವುದಿಲ್ಲ. ಎದುರುಬದುರು ಎರಡು ಗಾಡಿ ಬಂದರೆ ದಾರಿ ಬಿಡಬೇಕಲ್ವಾ?

ಕ್ಯಾನ್ವಾಸ್ ಬಟ್ಟೆಗೆ ಅಕ್ರಿಲಿಕ್ ಸೀಲೆಂಟ್ ಬಳಿದು, ಹಸಿ ಇರುವಾಗಲೇ ಮರಳು ಉದುರಿಸಿ, ಗಾಡಿಯ ಚಕ್ರ ಉರುಳಿಸಿ ಜಾಡು ಮೂಡಿಸಿದ ರಸ್ತೆ ಅದು. ಸಿಲಿಕೋನ್ ಬಳಿದರೆ ಬಣ್ಣ ಹಿಡಿಯುವುದಿಲ್ಲ. ಅಂಗಡಿಯವನು ಮಾತ್ರ “ಎರಡೂ ಒಂದೇ ಸಾರ್” ಅನ್ನುತ್ತಾನೆ. ರಟ್ಟಿನ ಮೇಲೆ ಮಾಡಿದರೆ ಒಣಗುತ್ತಾ ಒಣಗುತ್ತಾ ಹಪ್ಪಳದಂತೆ ಅಂಚು ಎದ್ದುಬಿಡುತ್ತದೆ.

ಅಷ್ಟಕ್ಕೂ ಟಿಪ್ಪುವಿನ ಮೇಲೆ ದಂಡೆತ್ತಿ ಬಂದ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸನನ್ನು ಕೆಡಿಸಿದ್ದು ರಸ್ತೆಯ ಅಗಲ ಅಲ್ಲ, ಎತ್ತು. 1791ರ ಮಾರ್ಚಿನಲ್ಲಿ ಬೆಂಗಳೂರು ಕೋಟೆ ಹಿಡಿದ. ಮೇ ತಿಂಗಳಲ್ಲಿ, ಮಳೆ ತಲೆ ಮೇಲಿರುವಾಗ, ಕೋಟೆ ಒಡೆಯುವ ದೊಡ್ಡ ಫಿರಂಗಿಗಳನ್ನು ಎಳೆಸಿಕೊಂಡು ಶ್ರೀರಂಗಪಟ್ಟಣಕ್ಕೆ ಹೊರಟ. ದಾರಿಯಲ್ಲಿ ಹಿಡಿ ಮೇವೂ ಸಿಗದಂತೆ ಟಿಪ್ಪು ನೋಡಿಕೊಂಡಿದ್ದ. ಎತ್ತುಗಳು ರಾಶಿ ರಾಶಿ ಸತ್ತವು. ಟಿಪ್ಪುವಿಗೇನು, ಫಿರಂಗಿ ಎಳೆಯುವುದಕ್ಕೆ ಹೆಸರಾದ ಅಮೃತಮಹಲ್ ತಳಿಯ ಎತ್ತುಗಳಿದ್ದವು. ಮೇ 15ರಂದು ಅರಕೆರೆ ಬಳಿ ಕಾದಾಟ ಗೆದ್ದೂ ಕಾರ್ನ್‌ವಾಲಿಸನಿಗೆ ಏನೂ ಗಿಟ್ಟಲಿಲ್ಲ. ಫಿರಂಗಿ ಎಳೆಯುವವರೇ ಇಲ್ಲ! ಅಷ್ಟು ದೂರ ತಂದವನ್ನು ತಾನೇ ಒಡೆಸಿಹಾಕಿ ಹಿಂದಿರುಗಿದ. ಹಾಗೆ ಹೊರಟ ಮೇಲೆ ಮೇಲುಕೋಟೆ ಕಡೆ ಅವನ ಜೊತೆಗಾರರಾದ ಮರಾಠರ ಸೈನ್ಯ ಸಿಕ್ಕಿತು, ಬೇಕಾದಷ್ಟು ದವಸ ತುಂಬಿಕೊಂಡು. ನಾಲ್ಕು ದಿನ ಮೊದಲೇ ಬಂದಿದ್ದರೆ ಇವರ ಗಂಟೇನು ಹೋಗುತ್ತಿತ್ತು? ನಾನು ಆಡುವುದು ಟಿಪ್ಪುವಿನ ಕಡೆ, ಆದರೂ ಇದನ್ನು ನೆನೆದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಹಾಗಾಗಿ ಎತ್ತಿಲ್ಲದ ಅರಕೆರೆ ಅರಕೆರೆಯೇ ಅಲ್ಲ. ಸಿಪಾಯಿಗಳ ಡಬ್ಬಿ ಎಷ್ಟು ಬೇಕಾದರೂ ಸಿಗುತ್ತವೆ. ಫಿರಂಗಿಗೂ ಬರವಿಲ್ಲ. ಈ ಅಳತೆಯ ಎತ್ತು, ಅದೂ ನಮ್ಮ ಕಡೆಯ ಉದ್ದ ಕೊಂಬಿನದು, ಹುಡುಕಿ ಹುಡುಕಿ ಸುಸ್ತಾಯಿತು. ಯುದ್ಧದ ಬೊಂಬೆ ಮಾಡುವವರಿಗೆಲ್ಲ ಕುದುರೆ ಮೇಲೇ ಪ್ರೀತಿ.

ಕೊನೆಗೆ ಧಾರವಾಡದ ಅತ್ತೆಗೆ ಫೋನ್ ಮಾಡಿದೆ. ಮಣ್ಣೆತ್ತಿನ ಅಮಾವಾಸ್ಯೆಗೆ ಅವರ ಕೈಯ ಎತ್ತುಗಳನ್ನು ನೋಡಬೇಕು, ಹಿಣಿಲು ಸಮೇತ.

“ಅತ್ತೆ, ಹೆಬ್ಬೆರಳಷ್ಟು ಎತ್ತು ಮಾಡಿಕೊಡ್ತೀರಾ?”

“ಎಷ್ಟ್ ಜೋಡಿ ಬೇಕಪಾ?”

“ನಲವತ್ತು.”

ಅತ್ತೆ ಸ್ವಲ್ಪ ಯೋಚಿಸಿದರು. “ಅಷ್ಟ್ ಎತ್ತು ಕಟ್ಟಾಕ ನಿನ್ನ ಫ್ಲ್ಯಾಟಿನ್ಯಾಗ ಗ್ವಾದಲಿ ಐತೇನು?”