ಅಡ್ಮಿಷನ್ ಆತು, ಡಿಗ್ರಿ ಮುಗದ ಮ್ಯಾಲಿನ 18 ತಿಂಗಳದ ವಿಚಾರ ಯಾರ ಮಾಡ್ಬೇಕು?

ಜರ್ಮನಿಗೆ ಎಂಎಸ್ ಮಾಡಾಕ ಹೊಂಟ ಹುಡುಗ್ರ ಅಪ್ಪ-ಅವ್ವಂದಿರು ದಯವಿಟ್ಟು ಇದನ್ನ ಪೂರ್ತಿ ಓದ್ರಿ. ನಾ ಬೆಳಗಾವ್ಯಾಗ ಎಂಜಿನಿಯರಿಂಗ್ ಹುಡುಗ್ರಿಗೆ ಪಾಠ ಮಾಡಾಂವ, ರೆಕಮೆಂಡೇಷನ್ ಲೆಟರ್ ಬೇಕು ಅಂತ ಬರೋ ಹುಡುಗ್ರು ವರ್ಷಾ ವರ್ಷಾ ಜಾಸ್ತಿನ ಆಗಾಕತ್ತಾರ, ಖುಷಿನೂ ಆಗತೈತಿ, ಆದ್ರ ಡಿಗ್ರಿ ಮುಗದ ಮ್ಯಾಲೆ ಅಲ್ಲಿ ಯಾವ ಪರ್ಮಿಟ್ ಮ್ಯಾಲೆ ಇರ್ತೀಯಪಾ ಅಂತ ಕೇಳಿದ್ರ ಬಾಳ ಮಂದಿ ಕಡೆ ಉತ್ತರ ಇಲ್ಲ.

ಹೋದ ತಿಂಗಳ ಒಬ್ಬ ಹುಡುಗ ಅವರಪ್ಪನ್ನ ಕರ್ಕೊಂಡ ಬಂದಿದ್ದ. ಗೋಕಾಕ ಕಡೆ ರೈತರು, ಕಬ್ಬು ಬೆಳಿತಾರ. ಪ್ಲಾಸ್ಟಿಕ್ ಫೈಲ್‌ನ್ಯಾಗ ಎಲ್ಲಾ ನೀಟಾಗಿ ಜೋಡಿಸಿದ್ರು, ವಿಟಿಯು ಟ್ರಾನ್ಸ್‌ಕ್ರಿಪ್ಟು, ಎಪಿಎಸ್ ಸರ್ಟಿಫಿಕೇಟು (ನಮ್ಮ ಡಿಗ್ರಿ ಕಾಗದ ಖರೇ ಅದಾವ ಅಂತ ಜರ್ಮನಿಯವ್ರು ನೋಡಿ ಕೊಡೋದು), ಬ್ಲಾಕ್ಡ್ ಅಕೌಂಟಿಗೆ (ಅಲ್ಲಿ ಖರ್ಚಿಗಂತ ಮೊದಲ ರೊಕ್ಕ ಇಡೋ ಖಾತೆ) 11,904 ಯೂರೋ ಕಟ್ಟಿದ ಕಾಗದ, ಅದರ ಹಿಂದ ಹೊಲದ ಉತಾರ, ಬ್ಯಾಂಕ್ ಸಾಲದ ಪತ್ರ. "ಎರಡು ವರ್ಷ ಓದಿದ್ರ ಆತ್ರಿ ಸರ, ಮುಂದ ನೌಕರಿ ಪಕ್ಕಾ ಅಂತ ಕನ್ಸಲ್ಟೆನ್ಸಿಯವ್ರು ಹೇಳ್ಯಾರ" ಅಂದ್ರು. ಪಕ್ಕಾ ಅಂತ ಹೆಂಗ ಹೇಳ್ತಾರ್ರೀ ಇವ್ರು? ಸಾಲ ತೀರ್ಸಾಂವ ಈ ಮನಷ್ಯಾ.

ಕಾನೂನಿನ್ಯಾಗ ಇರೋದು ಇಷ್ಟ. ಜರ್ಮನಿ ಯೂನಿವರ್ಸಿಟಿ ಡಿಗ್ರಿ ಮುಗಿಸಿದವ್ರಿಗೆ ನೌಕರಿ ಹುಡುಕಾಕ 18 ತಿಂಗಳ ತನಕ ರೆಸಿಡೆನ್ಸ್ ಪರ್ಮಿಟ್ ಸಿಗತೈತಿ. ಆ ಟೈಮ್‌ನ್ಯಾಗ ಹೊಟ್ಟಿಪಾಡಿಗೆ ಹೋಟೆಲ್, ಗೋಡೌನ್ ಯಾವ ಕೆಲಸಾ ಮಾಡಿದ್ರೂ ನಡಿತೈತಿ, ಆದ್ರ 18 ತಿಂಗಳ ಮುಗದ ಮ್ಯಾಲೆ ಹುಡುಕಾಟಕ್ಕಂತ ಆ ಪರ್ಮಿಟ್ ಮುಂದುವರ್ಸಂಗಿಲ್ಲ. ಅಷ್ಟರಾಗ ಓದಿಗೆ ತಕ್ಕ ನೌಕರಿ ಹಿಡಿಬೇಕು.

ಬ್ಲೂ ಕಾರ್ಡ್ ಬ್ಲೂ ಕಾರ್ಡ್ ಅಂತಾರ, ಅದು ಡಿಗ್ರಿ ಓದಿದ ಹೊರದೇಶದವ್ರಿಗೆ ಕೊಡೋ ಕೆಲಸದ ಪರ್ಮಿಟ್, ಅದಕ್ಕ ಇಷ್ಟರ ಪಗಾರ ಇರಬೇಕು ಅಂತ ಮಿತಿ ಐತಿ, ಅದೂ ವರ್ಷಾ ಬದಲಾಗತೈತಿ. 2025ರಾಗ ವರ್ಷಕ್ಕ 48,300 ಯೂರೋ ಇತ್ತು, ಹೊಸದಾಗಿ ಡಿಗ್ರಿ ಮುಗಿಸಿದವ್ರಿಗೆ ಸುಮಾರು 43,760. ಅಷ್ಟು ಸಿಗಲಿಲ್ಲ ಅಂದ್ರ ಎಲ್ಲಾ ಮುಗೀತು ಅಂತಲ್ಲ, ಡಿಗ್ರಿ ಇದ್ದವ್ರಿಗೆ ಸಾದಾ ವರ್ಕ್ ಪರ್ಮಿಟ್ ಬ್ಯಾರೆ ಐತಿ, ಈ ವಯಸ್ಸಿನ ಹುಡುಗ್ರಿಗೆ ಅದರಾಗ ಅಂಥಾ ಮಿತಿ ಇಲ್ಲ, ಅಲ್ಲಿಯವ್ರಿಗೆ ಕೊಡೋದಕಿಂತ ಕಡಿಮಿ ಕೊಡಬಾರ್ದು ಅಷ್ಟ. ಇದನ್ನ ಗೊತ್ತಿಲ್ದ ಸಣ್ಣ ಕಂಪನಿ ಆಫರ್ ಬಿಟ್ಟ ಹುಡುಗ್ರು ಅದಾರ, ಕೇಳಿ ಹೊಟ್ಟಿ ಉರೀತು.

ಇನ್ನ ಭಾಷಾ. ನನಗ ಖರೇ ಸಿಟ್ಟು ಬರೋದು ಇಲ್ಲೆ. "ಕೋರ್ಸ್ ಇಂಗ್ಲಿಷ್‌ನ್ಯಾಗ ಐತಿ, ಜರ್ಮನ್ ಬ್ಯಾಡ" ಅಂತ ಹೇಳಿ ಕಳಸ್ತಾರ. ಕೋರ್ಸ್ ಇಂಗ್ಲಿಷ್ ಇರ್ಬಹುದು, ಸಣ್ಣ ಊರಿನ ಮಷಿನ್ ಫ್ಯಾಕ್ಟರಿ ಇಂಟರ್‌ವ್ಯೂ ಇಂಗ್ಲಿಷ್‌ನ್ಯಾಗ ಇರಂಗಿಲ್ಲ, ನಮ್ಮ ಮೆಕ್ಯಾನಿಕಲ್ ಹುಡುಗ್ರಿಗೆ ಕೆಲಸ ಇರೋದು ಅಂಥಲ್ಲೇ. ಆ ದೇಶದಾಗ ಪರ್ಮನೆಂಟ್ ಆಗಿ ಇರಾಕೂ ಭಾಷಾನ ಬೇಕು. ಬ್ಲೂ ಕಾರ್ಡ್ ಇದ್ದವ್ರು ಜರ್ಮನ್ ಭಾಷಾದ ಬಿ1 (ನಡು ಮಟ್ಟ) ಪಾಸಾಗಿದ್ರ 21 ತಿಂಗಳಿಗೆ ಅರ್ಜಿ ಹಾಕ್ಬಹುದು, ಬರೇ ಎ1 (ಮೊದಲ ಮಟ್ಟ) ಇದ್ರ 27 ತಿಂಗಳು. ಪುಣೆ ಬೆಂಗಳೂರಕಿಂತ ನಮಗ ಹತ್ರ, ಅಲ್ಲಿ ಜರ್ಮನ್ ಕಲಿಸೋ ಮ್ಯಾಕ್ಸ್ ಮುಲ್ಲರ್ ಭವನದಾಗ ಪರೀಕ್ಷಾ ಬರದು ಬರ್ಬಹುದು.

2024ರ ಅಕ್ಟೋಬರ್‌ನ್ಯಾಗ ಜರ್ಮನಿ ಸರ್ಕಾರ ಭಾರತದ ಸ್ಕಿಲ್ಡ್ ವರ್ಕರ್ ವೀಸಾ 20,000ದಿಂದ 90,000ಕ್ಕ ಏರಸ್ತೇವಿ ಅಂತು, ಈಗ ಕನ್ಸಲ್ಟೆನ್ಸಿಯವ್ರು ಅದನ್ನ ಬ್ಯಾನರ್ ಮಾಡಿ ಹಾಕ್ಯಾರ. ಮಂದಿ ಬೇಕಾಗ್ಯಾರ, ಅದು ಖರೇ. ಆದ್ರ ವೀಸಾ ಸಂಖ್ಯಾ ಏರಿತು ಅಂದ್ರ ನಿಮ್ಮ ಮಗನಿಗೆ ನೌಕರಿ ಇಟ್ಟಾರ ಅಂತಲ್ಲ.

ಮತ್ತೊಂದು, ಕೈಯಾಗಿನ ಪರ್ಮಿಟ್ ಮುಗಿಯೋಕ ಮೊದಲ ಮುಂದಿನ ಪರ್ಮಿಟ್‌ಗೆ ಅರ್ಜಿ ಹಾಕಿಬಿಡ್ರಿ. ನಮ್ಮ ಹಳೇ ವಿದ್ಯಾರ್ಥಿ ಒಬ್ಬಾಕಿಗೆ ಅಲ್ಲಿ ಅಪಾಯಿಂಟ್‌ಮೆಂಟ್ ಸಿಗಾಕ ತಿಂಗಳುಗಟ್ಟಲೆ ಹಿಡೀತು, ಟೈಮಿಗೆ ಅರ್ಜಿ ಹಾಕಿದ್ದಕ್ಕ ಫಿಕ್ಷನ್ಸ್‌ಬೆಶೈನಿಗುಂಗ್ ಅನ್ನೋ ತಾತ್ಪೂರ್ತಿ ಕಾಗದ ಕೊಟ್ರು, ಅದರ ಮ್ಯಾಲೆ ಕಾನೂನು ಪ್ರಕಾರ ಇದ್ದಾಳ. ಅರ್ಜಿ ತಡಾ ಆಗಿದ್ರ ಕಷ್ಟ ಇತ್ತು.

ನಮ್ಮ ಭಾಗದ ಕಾಲೇಜುಗಳು ಐದನೇ ಸೆಮಿಸ್ಟರ್‌ದಿಂದನ ಜರ್ಮನ್ ಕ್ಲಾಸ್ ಇಡ್ಬೇಕು, ಫೀ ಇಲ್ದ. ನಮ್ಮಲ್ಲಿ ಇದನ್ನ ನಾ ಕೇಳಾಕತ್ತೇನಿ, ಬಿಡಂಗಿಲ್ಲ. ಈ ಸಲ ಹೊಂಟವ್ರು ಕಮೆಂಟ್‌ನ್ಯಾಗ ತಿಳಸ್ರಿ, ಅಲ್ಲಿ ನೌಕರಿ ಮಾಡಾಕತ್ತಿರೋ ನಮ್ಮ ಹಳೇ ಹುಡುಗ್ರ ಜೋಡಿ ಮಾತಾಡಿಸ್ತೇನಿ. ಕಾಲ್‌ನ್ಯಾಗ ಅಪ್ಪ-ಅವ್ವನೂ ಕುಂದರ್ಲಿ, ಸಾಲದ ಕಂತು ಯಾವಾಗ ಶುರು ಆಗತೈತಿ ಅನ್ನೋದನ್ನೂ ಬರ್ಕೊಂಡ ಬರ್ಲಿ.