ಚೀನಾದ ನಗರಗಳಲ್ಲಿ ದುಡ್ಡು ಏರಿತು, ನೆಮ್ಮದಿ ಯಾಕೆ ಏರಲಿಲ್ಲ?

ಚೀನಾ ಅಂದರೆ ನಮ್ಮ ವಾಟ್ಸಾಪ್ ಗುಂಪುಗಳಿಗೆ ಬರುವುದು ಬುಲೆಟ್ ರೈಲು, ಶಾಂಘೈನ ದೀಪಗಳು, ಮೊಬೈಲ್‌ನಲ್ಲೇ ಸೊಪ್ಪಿನ ದುಡ್ಡು ಕೊಡುವ ಅಜ್ಜಿಯರು. ಕೆಳಗೆ "ನೋಡ್ರಪ್ಪಾ, ದೇಶ ಅಂದ್ರೆ ಹಿಂಗಿರ್ಬೇಕು" ಅಂತ ಒಂದು ಸಾಲು. ಆ ರೈಲು ನನಗೂ ಇಷ್ಟವೇ. ಆದರೆ ಅಲ್ಲಿ ಬದುಕುವವರನ್ನೇ ಕೇಳಿದರೆ ಬೇರೆ ಕಥೆ ಬರುತ್ತದೆ.

ರಿಚರ್ಡ್ ಈಸ್ಟರ್ಲಿನ್ ಅಂತ ಒಬ್ಬ ಅರ್ಥಶಾಸ್ತ್ರಜ್ಞ, ಜೊತೆಗಾರರನ್ನು ಸೇರಿಸಿಕೊಂಡು, 1990ರಿಂದ 2010ರವರೆಗೆ ಚೀನಾದಲ್ಲಿ ನಡೆದ ಸಮೀಕ್ಷೆಗಳನ್ನೆಲ್ಲ ಜೋಡಿಸಿ ನೋಡಿದರು. ಹೆಚ್ಚಿನವು ನಗರದವರನ್ನೇ ಕೇಳಿದ್ದು. ಆ 20 ವರ್ಷದಲ್ಲಿ ತಲಾ ಖರ್ಚು ಕಡಿಮೆ ಅಂದರೂ ನಾಲ್ಕು ಪಟ್ಟಾಯಿತು. ಬದುಕಿನ ಬಗೆಗಿನ ತೃಪ್ತಿ ಮಾತ್ರ 2000ದ ಆಚೀಚೆವರೆಗೂ ಇಳಿಯುತ್ತಲೇ ಹೋಗಿ, ಆಮೇಲೆ ಸ್ವಲ್ಪ ಚೇತರಿಸಿಕೊಂಡು, ಕೊನೆಗೂ 1990ರ ಮಟ್ಟ ದಾಟಲಿಲ್ಲ. ಜಾಸ್ತಿ ಕುಸಿದದ್ದು ಬಡವರದ್ದು.

"ದುಡ್ಡಿನಿಂದ ಸುಖ ಬರಲ್ಲ" ಅಂತ ಉಪದೇಶ ಮಾಡುವವರಿಗೆ ಇದು ಹಬ್ಬ. ನನಗೆ ಹಾಗೆ ಅನ್ನಿಸುವುದಿಲ್ಲ. ಆಗ ಕಳೆದುಹೋದದ್ದು ಏನು ಅಂತ ನೋಡಿ. ಹಿಂದೆ ನಗರದ ಕೆಲಸಗಾರನಿಗೆ 'ದಾನ್‌ವೇ' ಇತ್ತು. ಅಂದರೆ ಅವನ ಕಾರ್ಖಾನೆ ಅಥವಾ ಕಚೇರಿಯೇ ಮನೆ ಕೊಡುತ್ತಿತ್ತು, ಕ್ಲಿನಿಕ್ ನಡೆಸುತ್ತಿತ್ತು, ಮಕ್ಕಳನ್ನು ನೋಡಿಕೊಳ್ಳುತ್ತಿತ್ತು, ಪಿಂಚಣಿಯನ್ನೂ ಕೊಡುತ್ತಿತ್ತು. ಮನೆ ಚಿಕ್ಕದು, ಸಂಬಳವೂ ಚಿಕ್ಕದು, ಆದರೆ ನಾಳೆಯ ಚಿಂತೆ ಕಡಿಮೆ. 90ರ ದಶಕದ ಕೊನೆಗೆ ಸರ್ಕಾರಿ ಕಾರ್ಖಾನೆಗಳನ್ನು ಮುಚ್ಚುತ್ತಾ, ಮಾರುತ್ತಾ ಬಂದಾಗ ಎರಡು ಕೋಟಿಗೂ ಹೆಚ್ಚು ಜನ ಕೆಲಸ ಕಳೆದುಕೊಂಡರು. ಶೆನ್ಯಾಂಗ್‌ನಂಥ ಕಾರ್ಖಾನೆ ಊರುಗಳಲ್ಲಿ ನಲವತ್ತು ದಾಟಿದ ಫಿಟ್ಟರ್‌ಗಳು ರಸ್ತೆ ಬದಿ ಸಾಮಾನು ಮಾರಲು ಕೂತರು. ಜಿಡಿಪಿ ಮೇಲೆ ಹೋಗುತ್ತಿತ್ತು, ನಿಜ. ಕಾಯಿಲೆ ಬಿದ್ದರೆ ಯಾರು ಗತಿ ಅಂತ ಗೊತ್ತಿಲ್ಲದವನಿಗೆ ಜಿಡಿಪಿ ಕಟ್ಟಿಕೊಂಡು ಏನಾಗಬೇಕು?

ಮನೆಯದ್ದೂ ಅಷ್ಟೇ. 1998ರಲ್ಲಿ ಕೆಲಸದ ಜೊತೆ ಮನೆ ಹಂಚುವ ಪದ್ಧತಿ ನಿಂತಿತು, ಜನ ಕೊಳ್ಳಲು ಶುರುಮಾಡಿದರು. 2019ರಲ್ಲಿ ಅಲ್ಲಿನ ಕೇಂದ್ರ ಬ್ಯಾಂಕು ನಡೆಸಿದ ಸಮೀಕ್ಷೆಯಲ್ಲಿ ನಗರದ ಕುಟುಂಬಗಳಲ್ಲಿ 96% ಸ್ವಂತ ಮನೆಯವರು! ಬೆಂಗಳೂರಿನವರು ಹೊಟ್ಟೆಕಿಚ್ಚು ಪಡಬೇಕು. ಆದರೆ ಗಂಡಿಗೆ ಫ್ಲ್ಯಾಟ್ ಇಲ್ಲದಿದ್ದರೆ ಮದುವೆ ಮಾತೇ ಕಷ್ಟ, ಹಾಗಾಗಿ ಅಪ್ಪ ಅಮ್ಮನ ಉಳಿತಾಯವೆಲ್ಲ ಅದಕ್ಕೇ. ಕಟ್ಟುವ ಮೊದಲೇ ದುಡ್ಡು ಕೊಟ್ಟು ಕಾದವರು 2021ರಲ್ಲಿ ಎವರ್‌ಗ್ರಾಂಡೆ ಅನ್ನುವ ದೊಡ್ಡ ಕಟ್ಟಡ ಕಂಪನಿ ಸಾಲದಲ್ಲಿ ಮುಗ್ಗರಿಸಿದ್ದನ್ನು ನೋಡಿದರು. ಮರುವರ್ಷ ಅರ್ಧಕ್ಕೆ ನಿಂತ ಕಟ್ಟಡಗಳ ಖರೀದಿದಾರರು ನೂರಾರು ಕಡೆ "ಕಂತು ಕಟ್ಟಲ್ಲ" ಅಂದುಬಿಟ್ಟರು.

ಬೆಳಗ್ಗೆ 9ರಿಂದ ರಾತ್ರಿ 9, ವಾರಕ್ಕೆ 6 ದಿನ ದುಡಿಸುವ '996' ಬಗ್ಗೆ ಜಾಸ್ತಿ ಹೇಳಬೇಕಿಲ್ಲ. 2021ರಲ್ಲಿ ಅವರ ಸುಪ್ರೀಂ ಕೋರ್ಟೇ ಅದು ಕಾನೂನುಬಾಹಿರ ಅಂದಿತು. ವಾರಕ್ಕೆ 70 ಗಂಟೆ ದುಡಿಯಿರಿ ಅನ್ನುವ ನಮ್ಮ ದೊಡ್ಡವರು ಅದನ್ನು ಓದಿದ್ದಾರೋ ಇಲ್ಲವೋ.

ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ಗಾಯ ಹುಕೌ. ಯಾರು ಯಾವ ಊರಿನವರು ಅಂತ ಬರೆದಿಡುವ, 1958ರಿಂದ ಇರುವ ನೋಂದಣಿ ಪದ್ಧತಿ ಅದು. ಹಳ್ಳಿಯಲ್ಲಿ ನೋಂದಣಿ ಆಗಿದ್ದರೆ, ದೊಡ್ಡ ನಗರದಲ್ಲಿ ಎಷ್ಟೋ ವರ್ಷ ದುಡಿದರೂ ಅಲ್ಲಿನ ಶಾಲೆ, ಆಸ್ಪತ್ರೆಯಂಥ ಸೌಲಭ್ಯಗಳಲ್ಲಿ ಪೂರ್ತಿ ಪಾಲು ಸಿಗುವುದು ಕಷ್ಟ. ಜಾನ್ ನೈಟ್ ಮತ್ತು ರಮಣಿ ಗುಣತಿಲಕ ಅನ್ನುವ ಅರ್ಥಶಾಸ್ತ್ರಜ್ಞರು ನಡೆಸಿದ ಅಧ್ಯಯನದಲ್ಲಿ, ನಗರಕ್ಕೆ ಬಂದ ವಲಸೆಗಾರರು ಹಳ್ಳಿಯಲ್ಲೇ ಉಳಿದವರಿಗಿಂತ ಹೆಚ್ಚು ಗಳಿಸಿಯೂ ಅವರಿಗಿಂತ ಕಡಿಮೆ ಖುಷಿಯಾಗಿದ್ದರು. ಊರು ಬಿಟ್ಟ ಮೇಲೆ ಅವರು ಹೋಲಿಸಿಕೊಳ್ಳುವುದು ಪಕ್ಕದ ಫ್ಲ್ಯಾಟಿನವರ ಜೊತೆ, ಆಸೆಗಳೂ ಬೆಳೆಯುತ್ತವೆ. ಇದನ್ನು ದುರಾಸೆ ಅನ್ನಬೇಡಿ. ಪಕ್ಕದವನ ಮಗು ಸೇರುವ ಶಾಲೆಗೆ ತನ್ನ ಮಗುವೂ ಸೇರಲಿ ಅನ್ನುವುದು ದುರಾಸೆಯಾ?

ಚೀನಾದ 'ಸುಖೀ ನಗರ' ಪಟ್ಟಿಯಲ್ಲಿ ವರ್ಷ ವರ್ಷವೂ ಚೆಂಗ್ಡು ಮುಂದೆ. ಟೀ ಅಂಗಡಿ, ಉದ್ಯಾನ, ನಿಧಾನದ ಬದುಕು, ಎಲ್ಲ ಚೆನ್ನ. ಆ ಟೀ ಅಂಗಡಿಯ ಬಟ್ಟಲು ತೊಳೆಯುವವರನ್ನೂ ಕೇಳಿದ್ದಾರಾ ಅನ್ನುವುದಷ್ಟೇ ನನ್ನ ಪ್ರಶ್ನೆ.